ಪೋಸ್ಟ್ ತೆಗೆಸಬೇಕು, ಯಾರಿಗೆ ಹೇಳಬೇಕು? ಉತ್ತರ ಕನ್ನಡದ ಸಂಘ-ಸಂಸ್ಥೆಗಳಿಗೆ ದಾರಿಗಳ ಹೋಲಿಕೆ

ಮಹಿಳಾ ಒಕ್ಕೂಟ, ಮೀನುಗಾರರ ಸಂಘ, ಶಾಂತಿ ಸಮಿತಿ, ಅರಣ್ಯ ಹಕ್ಕಿನ ಹೋರಾಟದ ಗುಂಪು. ಘಟ್ಟದ ಮೇಲಿರಲಿ, ಕೆಳಗಿರಲಿ, ಈಗ ಇವರೆಲ್ಲರ ಬಳಿಗೂ ಜನ ಮೊಬೈಲು ಹಿಡಿದುಕೊಂಡೇ ಬರುತ್ತಾರೆ. ಹುಡುಗಿಯ ತಿರುಚಿದ ಫೋಟೋ, ಬೆದರಿಕೆಯ ರೀಲ್ಸ್, ಒಂದು ಜಾತಿಯನ್ನೋ ಧರ್ಮವನ್ನೋ ಹಳಿಯುವ ಯೂಟ್ಯೂಬ್ ಭಾಷಣ, ಎಲ್ಲೋ ಆದದ್ದನ್ನು ಇಲ್ಲೇ ಆಯಿತೆಂದು ಹಬ್ಬಿಸುವ ಫಾರ್ವರ್ಡ್. "ಇದನ್ನು ತೆಗೆಸಿಕೊಡಿ" ಎಂಬ ಕೋರಿಕೆ ಒಂದೇ. ತೆಗೆಸುವ ದಾರಿಗಳು ಮಾತ್ರ ಏಳೆಂಟಿವೆ, ಒಂದೊಂದರ ವೇಗ ಬೇರೆ, ಬಲ ಬೇರೆ, ಅಪಾಯವೂ ಬೇರೆ. ತಪ್ಪು ದಾರಿ ಹಿಡಿದರೆ ಸಮಯ ಹೋಗುತ್ತದೆ. ಕೆಲವೊಮ್ಮೆ ಸಾಕ್ಷ್ಯವೂ ಹೋಗುತ್ತದೆ.

ಮೊದಲಿಗೆ ಕಾನೂನಿನ ನೆಲೆ ತಿಳಿದಿರಲಿ. 2015ರ ಮಾರ್ಚ್ 24ರ ಶ್ರೇಯಾ ಸಿಂಘಾಲ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ: ಐಟಿ ಕಾಯ್ದೆಯ 79ನೇ ಕಲಮಿನಡಿ ಕಂಪನಿಗೆ ತೆಗೆಯುವ ಹೊಣೆ ಬೀಳುವುದು ನ್ಯಾಯಾಲಯದ ಆದೇಶ ಅಥವಾ ಸರ್ಕಾರದ ಸೂಚನೆ ಬಂದಾಗ. ಸಂಘದ ಲೆಟರ್‌ಹೆಡ್ಡಿನಲ್ಲಿ ಎಷ್ಟು ಖಡಕ್ಕಾಗಿ ಬರೆದರೂ ಅದು ಆದೇಶವಾಗದು. ಯುರೋಪಿನ ಡಿಜಿಟಲ್ ಸೇವೆಗಳ ಕಾಯ್ದೆಯಲ್ಲಿ ವಿಶ್ವಾಸಾರ್ಹ ದೂರುದಾರ ಸಂಸ್ಥೆಗಳಿಗೆ 22ನೇ ವಿಧಿಯಡಿ ಕಾನೂನಿನ ಸ್ಥಾನವಿದೆ, ನಮ್ಮಲ್ಲಿ ಅಂಥದ್ದಿಲ್ಲ. ಹಾಗಾಗಿ ನಮ್ಮ ಕೈಯಲ್ಲಿರುವುದು ಎರಡು: ಕಂಪನಿ ತಾನೇ ಬರೆದುಕೊಂಡ ನಿಯಮ, ಮತ್ತು 2021ರ ಐಟಿ ನಿಯಮಗಳು ಬಳಕೆದಾರರಿಗೆ ಕೊಟ್ಟ ದೂರಿನ ಹಕ್ಕು.

ಆ್ಯಪ್‌ನೊಳಗಿನ ರಿಪೋರ್ಟ್

ಎಲ್ಲರೂ ಮೊದಲು ಒತ್ತುವ ಬಟನ್ ಇದು. ಒತ್ತಬೇಕಾದದ್ದೂ ಹೌದು, ಏಕೆಂದರೆ ಮುಂದಿನ ಮೇಲ್ಮನವಿಗೆ ಇದೇ ಮೊದಲ ಮೆಟ್ಟಿಲು. ಆದರೆ ಇಲ್ಲಿ ವಿವರಣೆ ಬರೆಯಲು ಜಾಗ ತೀರಾ ಕಡಿಮೆ, ಕೆಲವು ಕಡೆ ಇಲ್ಲವೇ ಇಲ್ಲ, ಇದು ದೊಡ್ಡ ಕೊರತೆ. ಕನ್ನಡ ಲಿಪಿಯಲ್ಲಿ ಬರೆದ ಕೊಂಕಣಿ, ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ, ಭಟ್ಕಳದ ನವಾಯತಿ, ಹವ್ಯಕ ಮಾತು ಇವೆಲ್ಲ ಯಂತ್ರಕ್ಕೂ ದೂರದೂರಿನ ಪರಿಶೀಲಕರಿಗೂ ಸುಲಭಕ್ಕೆ ದಕ್ಕುವುದಿಲ್ಲ. "ನಮ್ಮ ನಿಯಮ ಮೀರಿಲ್ಲ" ಎಂಬ ಉತ್ತರ ಬಂದರೆ ಅದೇ ಕೊನೆಯ ಮಾತೆಂದು ಬಿಟ್ಟುಬಿಡಬೇಡಿ.

ಐವತ್ತು ಜನರಿಂದ ಒಟ್ಟಿಗೆ ರಿಪೋರ್ಟ್ ಒತ್ತಿಸಿದರೆ ಕೆಲಸ ಬೇಗ ಆಗುತ್ತದೆ ಎಂಬ ನಂಬಿಕೆ ಊರೂರಲ್ಲಿದೆ. ಯೂಟ್ಯೂಬ್ ಬಹಿರಂಗವಾಗಿಯೇ ಹೇಳಿದೆ: ಒಂದು ವಿಡಿಯೋ ಎಷ್ಟು ಸಲ ರಿಪೋರ್ಟ್ ಆಯಿತು ಎಂಬುದರ ಮೇಲೆ ಅದನ್ನು ತೆಗೆಯುವುದಿಲ್ಲ, ನಿಯಮ ಮೀರಿದೆಯೇ ಎಂಬುದಷ್ಟನ್ನೇ ನೋಡಲಾಗುತ್ತದೆ. ಸರಿಯಾದ ವರ್ಗ ಆರಿಸಿ ಕಳಿಸಿದ ಒಂದೇ ರಿಪೋರ್ಟ್ ಸಾಕು.

ಕುಂದುಕೊರತೆ ಅಧಿಕಾರಿ: ಸಣ್ಣ ಸಂಘಗಳಿಗೆ ಇದೇ ಮುಖ್ಯ ದಾರಿ

50 ಲಕ್ಷಕ್ಕಿಂತ ಹೆಚ್ಚು ನೋಂದಾಯಿತ ಬಳಕೆದಾರರಿರುವ ಪ್ರತಿ ವೇದಿಕೆಯೂ ಭಾರತದಲ್ಲೇ ನೆಲೆಸಿದ ಕುಂದುಕೊರತೆ ಅಧಿಕಾರಿಯನ್ನು ಇಟ್ಟು, ಹೆಸರು-ವಿಳಾಸ ಪ್ರಕಟಿಸಬೇಕು. ದೂರು ಬಂದ 24 ಗಂಟೆಯೊಳಗೆ ಸ್ವೀಕೃತಿ ಕೊಡಬೇಕು. 2021ರ ನಿಯಮದಲ್ಲಿ ಇತ್ಯರ್ಥಕ್ಕೆ 15 ದಿನ ಇತ್ತು. 2022ರ ಅಕ್ಟೋಬರ್ ತಿದ್ದುಪಡಿ, ತೆಗೆಯಬೇಕೆಂದು ಕೇಳುವ ಹಲವು ಬಗೆಯ ದೂರುಗಳಿಗೆ 72 ಗಂಟೆ ಎಂದಿತು. ನಗ್ನತೆ, ಲೈಂಗಿಕ ದೃಶ್ಯ, ಸೋಗುಹಾಕುವಿಕೆ, ತಿರುಚಿದ ಚಿತ್ರ ಇವಕ್ಕೆ ನಿಯಮ 3(2)(ಬಿ) ಪ್ರಕಾರ 24 ಗಂಟೆ ಇತ್ತು. 2026ರ ಫೆಬ್ರವರಿಯ ತಿದ್ದುಪಡಿ ಈ ಗಡುವುಗಳನ್ನು ಇನ್ನೂ ಬಿಗಿ ಮಾಡಿದೆ. ಆದ್ದರಿಂದ ದೂರಿನಲ್ಲಿ ಗಂಟೆಯ ಲೆಕ್ಕ ಬರೆಯುವುದಕ್ಕಿಂತ ನಿಯಮದ ಸಂಖ್ಯೆ ಬರೆಯಿರಿ. ಯಾವ ಗಡುವು ಚಾಲ್ತಿಯಲ್ಲಿದೆಯೋ ಅದು ತಾನಾಗಿ ಅನ್ವಯಿಸುತ್ತದೆ.

3(2)(ಬಿ) ದೂರನ್ನು ಬಾಧಿತ ವ್ಯಕ್ತಿಯ ಪರವಾಗಿ ಬೇರೆಯವರೂ ಕೊಡಬಹುದು. ಶಿರಸಿಯ ಹಳ್ಳಿಯೊಂದರ ಹುಡುಗಿಗೆ ತನ್ನ ಹೆಸರಿನ ಇಮೇಲಿನಿಂದ ಬರೆಯಲು ಹೆದರಿಕೆಯಿದ್ದರೆ ಒಕ್ಕೂಟದ ಕಾರ್ಯದರ್ಶಿ ಬರೆಯಬಹುದು. ಅವಳಿಂದ ಒಂದು ಸಾಲಿನ ಒಪ್ಪಿಗೆ ಪತ್ರ ಪಡೆದು ಕಡತದಲ್ಲಿಟ್ಟುಕೊಳ್ಳಿ. ಕಂಪನಿ ಕೇಳಿದರೆ ಮಾತ್ರ ಕಳಿಸಿದರಾಯಿತು.

ದೂರುಗಳು ಬಿದ್ದುಹೋಗುವುದು ಹೆಚ್ಚಾಗಿ ಲಿಂಕಿನಲ್ಲಿ. ಸ್ಕ್ರೀನ್‌ಶಾಟ್ ಕಳಿಸಿದರೆ ಕಂಪನಿಗೆ ಪೋಸ್ಟ್ ಹುಡುಕಲಾಗದು. ಫೇಸ್‌ಬುಕ್‌ನಲ್ಲಿ ಹೆಸರಿನ ಕೆಳಗಿರುವ ಸಮಯದ ಮೇಲೆ ಒತ್ತಿದರೆ ಆ ಪೋಸ್ಟಿನದೇ ವಿಳಾಸ ತೆರೆಯುತ್ತದೆ, ಅದನ್ನು ನಕಲು ಮಾಡಿ. ಯೂಟ್ಯೂಬಿನಲ್ಲಿ ಎಷ್ಟನೇ ನಿಮಿಷ, ಎಷ್ಟನೇ ಸೆಕೆಂಡಿನಿಂದ ಎಂದು ಬರೆಯಲೇಬೇಕು, ಒಂದೂವರೆ ಗಂಟೆಯ ಭಾಷಣವನ್ನು ಯಾರೂ ಪೂರ್ತಿ ಕೇಳುವುದಿಲ್ಲ. ಖಾತೆಯ ತೋರಿಕೆಯ ಹೆಸರು ರಾತ್ರೋರಾತ್ರಿ ಬದಲಾಗುವುದರಿಂದ ಪ್ರೊಫೈಲಿನ ಲಿಂಕನ್ನೂ ಬರೆದಿಟ್ಟುಕೊಳ್ಳಿ.

ಆಮೇಲೆ ಬರುವುದು ಸಂದರ್ಭದ ಟಿಪ್ಪಣಿ. ಊರಿನ ಸಂಘಟನೆ ಬಿಟ್ಟರೆ ಬೇರೆ ಯಾರೂ ಇದನ್ನು ಬರೆಯಲಾರರು. ಒಂದು ರೀಲ್ಸ್‌ನಲ್ಲಿ ಯಾರೋ ಹೀಗೆ ಹೇಳುತ್ತಾರೆ ಎನ್ನಿ: "ಅವರು ಭಾನುವಾರ ಸಂತೆಗೆ ಬರಲಿ, ನಾವು ನೋಡಿಕೊಳ್ತೇವೆ." ಯಂತ್ರ ಇದನ್ನು ಅನುವಾದಿಸಿದರೆ ಸಂತೆಗೆ ಬಂದವರನ್ನು ಆದರಿಸುವ ಮಾತಿನಂತೆ ಕಾಣಬಹುದು. ಟಿಪ್ಪಣಿ ಹೀಗಿರಲಿ:

ಲಿಂಕ್, 42ನೇ ಸೆಕೆಂಡಿನಿಂದ 58ರವರೆಗೆ. ಭಾಷೆ: ಆಡುಗನ್ನಡ. ಆಡಿದ ಮಾತು: ಮೇಲಿನಂತೆ, ಅಕ್ಷರಶಃ. ಅರ್ಥ: ಇಲ್ಲಿ "ನೋಡಿಕೊಳ್ತೇವೆ" ಎಂದರೆ ಹೊಡೆಯುತ್ತೇವೆ ಎಂಬ ಬೆದರಿಕೆ. "ಅವರು" ಯಾರು: ಹಿಂದಿನ 20 ಸೆಕೆಂಡಿನಲ್ಲಿ ಇಂಥ ಸಮುದಾಯದ ವ್ಯಾಪಾರಿಗಳನ್ನು ಹೆಸರಿಸಿದ್ದಾರೆ. ಸ್ಥಳ, ಸಮಯ: ಕಾರವಾರದ ಭಾನುವಾರದ ಸಂತೆ, ಇಂದಿನಿಂದ ಮೂರನೇ ದಿನ. ಮೀರಿದ ನಿಯಮ: ಹಿಂಸೆ ಮತ್ತು ಪ್ರಚೋದನೆ ನೀತಿ, ಐಟಿ ನಿಯಮ 3(1)(ಬಿ).

ಟಿಪ್ಪಣಿ ಹತ್ತು ಸಾಲು ಮೀರದಿರಲಿ. ಇಂಗ್ಲಿಷಿನಲ್ಲಿ ಬರೆದು ಮೂಲ ಮಾತನ್ನು ಕನ್ನಡ ಲಿಪಿಯಲ್ಲಿ ಹಾಗೇ ಇಡಿ. "ನಮ್ಮ ಭಾವನೆಗೆ ಧಕ್ಕೆಯಾಗಿದೆ" ಎಂದು ಬರೆದ ದೂರು ನಿಲ್ಲುವುದಿಲ್ಲ. ಯಾರ ಮೇಲೆ, ಯಾವ ಗುರುತಿನ ಕಾರಣಕ್ಕೆ, ಏನು ಮಾಡುವುದಾಗಿ ಹೇಳಿದ್ದಾರೆ ಎಂಬುದು ನಿಲ್ಲುತ್ತದೆ. ಮೆಟಾ (ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ವಾಟ್ಸಪ್‌ಗಳ ಒಡೆತನದ ಕಂಪನಿ), ಯೂಟ್ಯೂಬ್, ಎಕ್ಸ್ (ಹಿಂದಿನ ಟ್ವಿಟರ್) ಮೂರರ ದ್ವೇಷ-ವಿರೋಧಿ ನೀತಿಗಳಲ್ಲೂ ಜಾತಿ ಎಂಬ ಗುರುತು ಹೆಸರಿಸಿಯೇ ಇದೆ. ಸಿದ್ದಿ, ಹಾಲಕ್ಕಿ ಸಮುದಾಯಗಳನ್ನು ಹೀಗಳೆಯುವ ವಿಡಿಯೋಗಳ ಮೇಲೆ ದೂರು ಬರೆಯುವಾಗ ಈ ಅಂಶವನ್ನು ಎತ್ತಿ ಹೇಳಿ.

ಅಧಿಕಾರಿಯ ಉತ್ತರ ಒಪ್ಪಿಗೆಯಾಗದಿದ್ದರೆ ಅಥವಾ ಉತ್ತರವೇ ಬರದಿದ್ದರೆ ಕೇಂದ್ರ ಸರ್ಕಾರದ ಕುಂದುಕೊರತೆ ಮೇಲ್ಮನವಿ ಸಮಿತಿಗೆ 30 ದಿನದೊಳಗೆ ಹೋಗಬಹುದು. 2023ರ ಮಾರ್ಚ್ 1ರಿಂದ ಇದರ ಪೋರ್ಟಲ್ ನಡೆಯುತ್ತಿದೆ, ಎಲ್ಲವೂ ಆನ್‌ಲೈನ್, ಕಾರವಾರದಿಂದ ದೆಹಲಿಗೆ ಓಡುವ ಕೆಲಸವಿಲ್ಲ. ಸಮಿತಿಯೂ 30 ದಿನದಲ್ಲಿ ತೀರ್ಮಾನಿಸಲು ಯತ್ನಿಸಬೇಕು ಎಂದಿದೆ. ದೂರಿನ ಸಂಖ್ಯೆ, ಸ್ವೀಕೃತಿಯ ಇಮೇಲ್ ಇಲ್ಲದೆ ಇಲ್ಲಿ ಬಾಗಿಲು ತೆರೆಯುವುದು ಕಷ್ಟ.

ಪಾಲುದಾರ ಸಂಸ್ಥೆಯಾಗುವ ಆಸೆ

ಮೆಟಾದ ಟ್ರಸ್ಟೆಡ್ ಪಾರ್ಟ್‌ನರ್, ಯೂಟ್ಯೂಬಿನ ಪ್ರಯಾರಿಟಿ ಫ್ಲ್ಯಾಗರ್ ಎಂಬ ಯೋಜನೆಗಳ ಬಗ್ಗೆ ಕೇಳಿದವರೆಲ್ಲ ಮೊದಲು ಇದನ್ನೇ ಬಯಸುತ್ತಾರೆ. ಕಂಪನಿಯೊಳಗಿನ ತಂಡಕ್ಕೆ ನೇರವಾಗಿ ತಲುಪುವ ಪ್ರತ್ಯೇಕ ದಾರಿ ಇದು. ಮೆಟಾ ತನಗೆ 113 ದೇಶಗಳಲ್ಲಿ 400ಕ್ಕೂ ಹೆಚ್ಚು ಪಾಲುದಾರರಿದ್ದಾರೆ ಎಂದು ಹೇಳಿತ್ತು. ಯೂಟ್ಯೂಬಿನ ಯೋಜನೆ 2012ರಲ್ಲಿ ಶುರುವಾದದ್ದು, ಈಗ ಸರ್ಕಾರೇತರ ಸಂಸ್ಥೆಗಳಿಗೂ ಸರ್ಕಾರಿ ಇಲಾಖೆಗಳಿಗೂ ಮಾತ್ರ ಪ್ರವೇಶ. ಪದೇಪದೇ, ನಿಖರವಾಗಿ ರಿಪೋರ್ಟ್ ಮಾಡುವ ಸಾಮರ್ಥ್ಯ ಮತ್ತು ಒಂದು ವಿಷಯದಲ್ಲಾದರೂ ಪರಿಣತಿ ಕೇಳುತ್ತಾರೆ.

ಇದರ ಬಲವನ್ನು ಇದ್ದದ್ದಕ್ಕಿಂತ ಹೆಚ್ಚೆಂದುಕೊಳ್ಳಬಾರದು. ಯೂಟ್ಯೂಬ್ ಇವರ ರಿಪೋರ್ಟನ್ನು ಬೇಗ ನೋಡುತ್ತದೆ, ಆದರೆ ಅಳತೆಗೋಲು ಎಲ್ಲರಿಗೂ ಒಂದೇ, ತಾನಾಗಿ ತೆಗೆಯುವುದಿಲ್ಲ. ಮೆಟಾದ ಯೋಜನೆಯನ್ನು ಇಂಟರ್‌ನ್ಯೂಸ್ ಸಂಸ್ಥೆ 2023ರಲ್ಲಿ ಪರಿಶೀಲಿಸಿದಾಗ, ತುರ್ತು ವಿಷಯಗಳಿಗೂ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಉತ್ತರ ಬಾರದ್ದನ್ನು ಪಾಲುದಾರರೇ ಹೇಳಿಕೊಂಡರು. ಉಕ್ರೇನಿನ ವಿಷಯದಲ್ಲಿ ಮಾತ್ರ ಉತ್ತರ ಬೇಗ ಬರುತ್ತಿತ್ತು. ಜಗತ್ತಿನ ಕಣ್ಣಿರುವ ಕಡೆಗೆ ಕಂಪನಿಯ ಗಮನವೂ ಹೋಗುತ್ತದೆ, ಅಂಕೋಲಾ-ಯಲ್ಲಾಪುರದ ಕಡೆಗಲ್ಲ.

ಕಂಪನಿಯ ಮನಸ್ಸು ಬದಲಾದರೆ ಸಂಬಂಧವೇ ಮುಗಿಯುತ್ತದೆ ಎಂಬುದೂ ಸಾಬೀತಾಗಿದೆ. ಟ್ವಿಟರ್ 2016ರಲ್ಲಿ ರಚಿಸಿದ ನಂಬಿಕೆ ಮತ್ತು ಸುರಕ್ಷತಾ ಮಂಡಳಿಯನ್ನು 2022ರ ಡಿಸೆಂಬರಿನಲ್ಲಿ, ನಿಗದಿಯಾಗಿದ್ದ ಸಭೆಗೆ ಒಂದು ಗಂಟೆಯೂ ಇಲ್ಲದಿರುವಾಗ ಇಮೇಲ್ ಕಳಿಸಿ ವಿಸರ್ಜಿಸಿತು. ಅದರಲ್ಲಿ ವರ್ಷಗಟ್ಟಲೆ ಸಂಬಳವಿಲ್ಲದೆ ದುಡಿದ ಸಂಸ್ಥೆಗಳಿದ್ದವು.

ಒಂದೋ ಎರಡೋ ತಾಲ್ಲೂಕಿನಲ್ಲಿ ಕೆಲಸ ಮಾಡುವ ಸಂಘ ಈ ಸ್ಥಾನಕ್ಕಾಗಿ ಶ್ರಮ ಹಾಕುವುದು ನಷ್ಟದ ವ್ಯವಹಾರ. ಇಂಗ್ಲಿಷ್ ಬಲ್ಲ ಇಬ್ಬರನ್ನು ಇದಕ್ಕೇ ಮೀಸಲಿಡಬೇಕು, ತರಬೇತಿಗೆ ಹಾಜರಾಗಬೇಕು, ಗೌಪ್ಯತೆಯ ಒಪ್ಪಂದಕ್ಕೆ ಸಹಿ ಹಾಕಬೇಕಾಗಬಹುದು. ಆ ಒಪ್ಪಂದದಿಂದಾಗಿ ನಾಳೆ ಕಂಪನಿಯ ವೈಫಲ್ಯವನ್ನು ಬಹಿರಂಗವಾಗಿ ಹೇಳಲು ತೊಡಕಾಗುತ್ತದೆಯೇ ಎಂದು ವಕೀಲರಿಗೆ ತೋರಿಸದೆ ಸಹಿ ಹಾಕಬೇಡಿ.

ಪಾಲುದಾರರ ಹೆಗಲ ಮೇಲೆ

ಇದಕ್ಕಿಂತ ಒಳ್ಳೆಯ ಉಪಾಯ, ಆಗಲೇ ಸಂಪರ್ಕವಿರುವ ದೊಡ್ಡ ಸಂಸ್ಥೆಯ ಮೂಲಕ ಹೋಗುವುದು. ಅವರಿಗೆ ದಾರಿ ಗೊತ್ತು, ನಮ್ಮ ಭಾಷೆ ಗೊತ್ತಿಲ್ಲ. ನಮಗೆ ಭಾಷೆ ಗೊತ್ತು. ಬೆಂಗಳೂರು, ಮುಂಬೈ, ದೆಹಲಿಯ ಡಿಜಿಟಲ್ ಹಕ್ಕುಗಳ ಸಂಸ್ಥೆಗಳಿಗೆ ಮೊದಲೇ, ಏನೂ ಗಲಾಟೆ ಇಲ್ಲದ ದಿನಗಳಲ್ಲೇ ಪತ್ರ ಬರೆದು ನಾಲ್ಕು ಸಂಗತಿ ಇತ್ಯರ್ಥ ಮಾಡಿಕೊಳ್ಳಿ: ಯಾವ ಕಂಪನಿಯ ನೇರ ಸಂಪರ್ಕ ನಿಮಗಿದೆ, ರಜಾದಿನದಲ್ಲಿ ಯಾರಿಗೆ ಫೋನು ಮಾಡಬೇಕು, ನಮ್ಮ ಸಂಘದ ಹೆಸರನ್ನು ಕಂಪನಿಗೆ ಹೇಳುತ್ತೀರಾ, ಬಾಧಿತರ ವಿವರವನ್ನು ಎಷ್ಟು ದಿನ ಇಟ್ಟುಕೊಂಡು ಅಳಿಸುತ್ತೀರಿ. ಮೂರನೆಯ ಪ್ರಶ್ನೆ ಊರಿನವರ ಮಟ್ಟಿಗೆ ಬಲು ಮುಖ್ಯ. ದೂರು ಕೊಟ್ಟವರು ಯಾರೆಂದು ಗೊತ್ತಾದರೆ ಮರುದಿನ ಅದೇ ಪೇಟೆಯಲ್ಲಿ ಓಡಾಡಬೇಕಾದವರು ನಾವು.

ಟ್ಯಾಟಲ್ ಎಂಬ ಸಂಸ್ಥೆ ಮತ್ತು ಬೆಂಗಳೂರಿನ ಸೆಂಟರ್ ಫಾರ್ ಇಂಟರ್‌ನೆಟ್ ಆ್ಯಂಡ್ ಸೊಸೈಟಿ ಸೇರಿ ಮಾಡಿದ ಊಲಿ ಎಂಬ ಉಪಕರಣ ನೋಡುವಂಥದ್ದು. ಕಾರ್ಯಕರ್ತರಿಂದಲೇ ನಿಂದನೆಯ ಪದಗಳನ್ನು ಸಂಗ್ರಹಿಸಿ, ಬ್ರೌಸರಿನಲ್ಲಿ ಅವನ್ನು ಮರೆಮಾಡುತ್ತದೆ. ಅದು ಶುರುವಾದದ್ದು ಹಿಂದಿ, ತಮಿಳು ಮತ್ತು ಭಾರತೀಯ ಇಂಗ್ಲಿಷಿನಲ್ಲಿ. ನಮ್ಮ ಜಿಲ್ಲೆಯ ಕೊಂಕಣಿ-ಕನ್ನಡದ ಇಂಥ ಪಟ್ಟಿಯೊಂದನ್ನು ಕಟ್ಟಿದರೆ ಯಾವ ಪಾಲುದಾರ ಸಂಸ್ಥೆಗೂ ಅದು ಬೇಕಾಗುವ ಸರಕು.

ನಿಮ್ಮದೇ ಖಾತೆ ಹ್ಯಾಕ್ ಆದರೆ, ಪೇಜ್ ಬಂದ್ ಆದರೆ ಆ್ಯಕ್ಸೆಸ್ ನೌ ಸಂಸ್ಥೆಯ ಡಿಜಿಟಲ್ ಭದ್ರತಾ ಸಹಾಯವಾಣಿ ದಿನದ 24 ಗಂಟೆಯೂ ಕಾರ್ಯಕರ್ತರಿಗೆ ಉಚಿತವಾಗಿ ನೆರವಾಗುತ್ತದೆ. ಇಂಗ್ಲಿಷಿನಲ್ಲಿ ಬರೆಯಬೇಕು.

ವದಂತಿಗೆ ತೆಗೆಸುವುದಲ್ಲ, ತಿದ್ದುವುದು

2017ರ ಡಿಸೆಂಬರಿನಲ್ಲಿ ಹೊನ್ನಾವರದ ಕೆರೆಯೊಂದರಲ್ಲಿ ಯುವಕನ ಶವ ಸಿಕ್ಕ ಮೇಲೆ ಕೆಲವೇ ದಿನಗಳಲ್ಲಿ ಕುಮಟಾ, ಶಿರಸಿಯವರೆಗೆ ಗಲಭೆ ಹಬ್ಬಿತು. ಚಿತ್ರಹಿಂಸೆಯ ವದಂತಿ ಮೊಬೈಲಿನಿಂದ ಮೊಬೈಲಿಗೆ ಹೋಯಿತು. ಅದು ಆಕಸ್ಮಿಕವಾಗಿ ಮುಳುಗಿ ಆದ ಸಾವು ಎಂದು ಸಿಬಿಐ ನ್ಯಾಯಾಲಯಕ್ಕೆ ವರದಿ ಕೊಟ್ಟದ್ದು 2022ರಲ್ಲಿ. ಇಂಥ ವೇಳೆಯಲ್ಲಿ ಕುಂದುಕೊರತೆ ಅಧಿಕಾರಿಯ ಗಡುವು ಎಷ್ಟೇ ಬಿಗಿಯಾದರೂ ತಡವೇ.

ಮೆಟಾದ ಸತ್ಯಶೋಧನಾ ಪಾಲುದಾರಿಕೆ 2016ರಲ್ಲಿ ಆರಂಭವಾದದ್ದು. ಅಮೆರಿಕದಲ್ಲಿ ಅದನ್ನು ನಿಲ್ಲಿಸುವುದಾಗಿ 2025ರ ಜನವರಿಯಲ್ಲಿ ಪ್ರಕಟಿಸಲಾಯಿತು. ಅದು ಪೋಸ್ಟನ್ನು ಅಳಿಸುವುದಿಲ್ಲ, ಸುಳ್ಳೆಂದು ಗುರುತು ಹಾಕಿ ಹರಡುವುದನ್ನು ಕಡಿಮೆ ಮಾಡುತ್ತದೆ. ರಾಜಕಾರಣಿಗಳ ನೇರ ಮಾತಿಗೆ ಅನ್ವಯಿಸುವುದಿಲ್ಲ. ಎಕ್ಸ್‌ನ ಕಮ್ಯುನಿಟಿ ನೋಟ್ಸ್, ಅಂದರೆ ಬಳಕೆದಾರರೇ ಪೋಸ್ಟಿನ ಕೆಳಗೆ ತಿದ್ದುವ ಟಿಪ್ಪಣಿ ಬರೆಯುವ ವ್ಯವಸ್ಥೆ, 2024ರ ಏಪ್ರಿಲ್‌ನಲ್ಲಿ ಭಾರತಕ್ಕೆ ಬಂತು. ಹಿಂದೆ ಪರಸ್ಪರ ಒಪ್ಪದವರೂ ಉಪಯುಕ್ತ ಎಂದ ಟಿಪ್ಪಣಿ ಮಾತ್ರ ಮೇಲೆ ಬರುತ್ತದೆ. ಕೋಮು ವಿಷಯದಲ್ಲಿ ಅಂಥ ಒಪ್ಪಿಗೆ ಬೇಗ ಹುಟ್ಟುವುದಿಲ್ಲ. ಡೀಪ್‌ಫೇಕ್ ವಿಡಿಯೋ, ಆಡಿಯೋ ಪರೀಕ್ಷೆಗೆ 2024ರಲ್ಲಿ ಶುರುವಾದ ಡೀಪ್‌ಫೇಕ್ಸ್ ಅನಾಲಿಸಿಸ್ ಯೂನಿಟ್‌ನ ವಾಟ್ಸಪ್ ಸೇವೆ ಆರಂಭದಲ್ಲಿ ಇಂಗ್ಲಿಷ್, ಹಿಂದಿ, ತಮಿಳು, ತೆಲುಗಿನಲ್ಲಿತ್ತು, ಕನ್ನಡ ಇರಲಿಲ್ಲ.

ವಾಟ್ಸಪ್ ಗ್ರೂಪಿನಲ್ಲಿ ಏನಿದೆ ಎಂಬುದು ಕಂಪನಿಗೇ ಕಾಣುವುದಿಲ್ಲ. ನೀವು ರಿಪೋರ್ಟ್ ಒತ್ತಿದರೆ ಕೊನೆಯ ಐದು ಮೆಸೇಜು ಅವರಿಗೆ ಹೋಗುತ್ತವೆ, ಅಷ್ಟೇ. ಹಾಗಾಗಿ ಇಲ್ಲಿ ಬೇಕಾದ ಪಾಲುದಾರರು ಊರಿನ ಗ್ರೂಪುಗಳ ಅಡ್ಮಿನ್‌ಗಳು. ವಾರ್ಡು, ಜಾತ್ರಾ ಸಮಿತಿ, ರಿಕ್ಷಾ ಸ್ಟ್ಯಾಂಡು, ಬೋಟಿನವರ ಸಂಘ ಹೀಗೆ ಮೂವತ್ತು-ನಲವತ್ತು ಅಡ್ಮಿನ್‌ಗಳ ಪಟ್ಟಿ ಮೊದಲೇ ಇರಲಿ. ಅಡ್ಮಿನ್ ಯಾವ ಮೆಸೇಜನ್ನಾದರೂ ಎಲ್ಲರ ಪಾಲಿಗೂ ಅಳಿಸಬಹುದು, ರಾತ್ರಿಯ ಮಟ್ಟಿಗೆ ಅಡ್ಮಿನ್ ಮಾತ್ರ ಬರೆಯುವಂತೆ ಮಾಡಬಹುದು. ಯಾರೋ ಹಾಕಿದ್ದಕ್ಕೆ ತಾನು ಜೈಲಿಗೆ ಹೋಗಬೇಕೆಂಬ ಹೆದರಿಕೆಯಿಂದ ಸುಮ್ಮನಿರುವವರಿಗೆ, ಸದಸ್ಯರ ಪೋಸ್ಟಿಗೆ ಅಡ್ಮಿನ್ ಹೊಣೆಯಲ್ಲ ಎಂದು ಕೇರಳ ಹೈಕೋರ್ಟ್ 2022ರಲ್ಲಿ ಹೇಳಿದ್ದನ್ನು ತಿಳಿಸಿ.

ತಿದ್ದುವ ಮೆಸೇಜು ಮೂರೇ ಸಾಲು ಇರಲಿ: ನಿಜ ಏನು, ಹೇಳಿದವರು ಯಾರು, ಎಷ್ಟು ಗಂಟೆಗೆ. ವದಂತಿಯ ಚಿತ್ರವನ್ನು ಕೆಂಪು ಗೆರೆ ಎಳೆದೂ ಮತ್ತೆ ಹಾಕಬೇಡಿ, ಗೆರೆ ಕತ್ತರಿಸಿ ಅದೇ ಚಿತ್ರ ಮತ್ತೆ ಓಡುತ್ತದೆ. 2024ರ ಜುಲೈನ ಶಿರೂರು ಗುಡ್ಡ ಕುಸಿತ, ಆಗಸ್ಟಿನಲ್ಲಿ ಕಾರವಾರದ ಹಳೆ ಕಾಳಿ ಸೇತುವೆ ಬಿದ್ದದ್ದು, ಇಂಥ ಅವಘಡಗಳ ದಿನ ಬೇರೆ ಊರಿನ ಹಳೆ ವಿಡಿಯೋ ಬಂದರೆ ಗುರುತಿಸುವುದು ಊರಿನವರಿಗೇ ಸುಲಭ. ಬೋರ್ಡಿನ ಭಾಷೆ, ವಾಹನದ ನಂಬರು, ಗುಡ್ಡದ ಮಣ್ಣಿನ ಬಣ್ಣ ನೋಡಿದರೆ ಸಾಕು.

ಖಾಸಗಿ ಚಿತ್ರಗಳು

ಒಪ್ಪಿಗೆಯಿಲ್ಲದೆ ಹರಡುವ ಖಾಸಗಿ ಚಿತ್ರಗಳ ಈ ಒಂದು ವಿಷಯದಲ್ಲಿ ಕಂಪನಿಗಳೂ ಸಂಸ್ಥೆಗಳೂ ಸೇರಿ ಕಟ್ಟಿದ ವ್ಯವಸ್ಥೆ ನಿಜಕ್ಕೂ ಕೆಲಸಕ್ಕೆ ಬರುತ್ತದೆ. 18 ದಾಟಿದವರಿಗೆ ಸ್ಟಾಪ್ ಎನ್‌ಸಿಐಐ, ಚಿತ್ರ ತೆಗೆದಾಗ 18 ತುಂಬಿರದವರಿಗೆ ಟೇಕ್ ಇಟ್ ಡೌನ್ ಎಂಬ ಜಾಲತಾಣಗಳಿವೆ. ಚಿತ್ರ ಫೋನಿನಿಂದ ಹೊರಗೆ ಹೋಗುವುದಿಲ್ಲ. ಫೋನಿನಲ್ಲೇ ಅದರ ಹ್ಯಾಶ್ ಎಂಬ ಗುರುತು ತಯಾರಾಗಿ ಅದಷ್ಟೇ ಹೋಗುತ್ತದೆ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಮುಂತಾದ ಸದಸ್ಯ ವೇದಿಕೆಗಳು ಅದಕ್ಕೆ ಹೊಂದುವ ಚಿತ್ರವನ್ನು ತಡೆಯುತ್ತವೆ. ಇನ್ನೂ ಹಾಕಿಲ್ಲ, ಹಾಕುತ್ತೇನೆಂದು ಹೆದರಿಸುತ್ತಿದ್ದಾನೆ ಎಂಬ ಹಂತದಲ್ಲೇ ಬಳಸಬಹುದಾದ ದಾರಿ ಇದು.

ಕತ್ತರಿಸಿದ, ಬಣ್ಣ ಬದಲಿಸಿದ ಪ್ರತಿಗೆ ಹ್ಯಾಶ್ ಹೊಂದದೆ ಹೋಗಬಹುದು. ಸಿಕ್ಕ ಪ್ರತಿ ರೂಪಕ್ಕೂ ಬೇರೆ ಬೇರೆ ಹ್ಯಾಶ್ ಮಾಡಿಸಿ. ಕೊಡುವ ಪ್ರಕರಣದ ಸಂಖ್ಯೆ ಮತ್ತು ಪಿನ್ ಕಳೆದರೆ ಮತ್ತೆ ಸಿಗದು, ಬಾಧಿತರ ಕೈಯಲ್ಲೇ ಕಾಗದಕ್ಕೆ ಬರೆಸಿ. ಚಿತ್ರವನ್ನು "ನೋಡಿ ಖಾತ್ರಿ ಮಾಡಿಕೊಳ್ಳಲು" ಸಂಘದ ಕಂಪ್ಯೂಟರಿಗೆ ತರಿಸಿಕೊಳ್ಳಬೇಡಿ.

ಮಕ್ಕಳ ಲೈಂಗಿಕ ದೃಶ್ಯವಾದರೆ ಸ್ಕ್ರೀನ್‌ಶಾಟ್ ಕೂಡ ತೆಗೆಯುವಂತಿಲ್ಲ. ಇಟ್ಟುಕೊಳ್ಳುವುದೇ ಅಪರಾಧ ಎಂಬುದನ್ನು 2024ರ ಸೆಪ್ಟೆಂಬರ್ 23ರಂದು ಸುಪ್ರೀಂ ಕೋರ್ಟ್ ಇನ್ನಷ್ಟು ಗಟ್ಟಿ ಮಾಡಿದೆ. ಲಿಂಕು, ಖಾತೆಯ ಹೆಸರು, ಸಮಯ ಬರೆದುಕೊಂಡು ಪೊಲೀಸರಿಗೆ ತಿಳಿಸಿ. ಪೋಕ್ಸೋ 19ನೇ ಕಲಮಿನಡಿ ತಿಳಿಸುವುದು ನಿಮ್ಮ ಕಡ್ಡಾಯ ಕರ್ತವ್ಯ. ರಾಷ್ಟ್ರೀಯ ಸೈಬರ್ ಕ್ರೈಮ್ ಪೋರ್ಟಲಿನಲ್ಲಿ ಹೆಸರು ಹೇಳದೆಯೂ ಕೊಡಬಹುದು.

ಪೊಲೀಸ್ ದಾರಿ ಯಾವಾಗ

ಪ್ರಾಣ ಬೆದರಿಕೆ, ಸುಲಿಗೆ, ಮಕ್ಕಳ ವಿಷಯ, ಹಾಕಿದವನು ಯಾರೆಂದು ಪತ್ತೆಯಾಗಲೇಬೇಕು ಎನ್ನುವಾಗ ಕಾರವಾರದ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಠಾಣೆಗೋ ಹತ್ತಿರದ ಠಾಣೆಗೋ ಹೋಗಿ. ದೂರಿನ ಮೇಲೆ ತೆಗೆದ ಪೋಸ್ಟಿನ ಮಾಹಿತಿಯನ್ನು ಕಂಪನಿ 180 ದಿನ ಕಾಪಾಡಬೇಕೆಂದು ಐಟಿ ನಿಯಮ ಹೇಳುತ್ತದೆ. "ಹೇಗೂ ಅಳಿಸಿತಲ್ಲ" ಎಂದು ಆರು ತಿಂಗಳು ಕೂತರೆ ಖಾತೆಯ ಜಾಡೂ ಹೋಗುತ್ತದೆ. ನ್ಯಾಯಾಲಯಕ್ಕೆ ಕೊಡುವ ಪ್ರತಿಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು, ಅದರಲ್ಲಿ ಕಡತದ ಹ್ಯಾಶ್ ಮೌಲ್ಯ ನಮೂದಿಸಬೇಕು. ಸ್ಕ್ರೀನ್ ರೆಕಾರ್ಡಿಂಗ್ ಮಾಡಿದ ಫೋನನ್ನು ಆಮೇಲೆ ಫಾರ್ಮ್ಯಾಟ್ ಮಾಡಬೇಡಿ.

ಬರೀ ಟೀಕೆ, ಕಟುಮಾತು, ರಾಜಕೀಯ ಜಗಳಕ್ಕೆ ಈ ದಾರಿ ಹಿಡಿಯಲೇಬಾರದು ಎಂಬುದು ನಮ್ಮ ಗಟ್ಟಿ ಅಭಿಪ್ರಾಯ. ಸರ್ಕಾರದ ಸಹಯೋಗ್ ಪೋರ್ಟಲ್ ಮೂಲಕ ತೆಗೆಸುವ ವ್ಯವಸ್ಥೆಯನ್ನು ಪ್ರಶ್ನಿಸಿದ ಎಕ್ಸ್ ಕಂಪನಿಯ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2025ರ ಸೆಪ್ಟೆಂಬರ್ 24ರಂದು ವಜಾ ಮಾಡಿತು. ಆ ದಾರಿ ಹಾಗೇ ಉಳಿದಿದೆ. ಕಾಸರಕೋಡ ಟೊಂಕ, ಕೇಣಿ ಬಂದರು ವಿರೋಧಿಸುವ ಮೀನುಗಾರರ ವಿಡಿಯೋಗಳ ಮೇಲೂ ನಾಳೆ ಅದೇ ಅಸ್ತ್ರ ಬರಬಹುದು.

ನಿಮ್ಮ ಪೋಸ್ಟೇ ತಪ್ಪಾಗಿ ಅಳಿದರೆ ಆ್ಯಪ್‌ನಲ್ಲೇ ಮೇಲ್ಮನವಿ ಹಾಕಿ. ಮೆಟಾದ ಅಂತಿಮ ಉತ್ತರ ಬಂದ 15 ದಿನದೊಳಗೆ, ಅದರ ತೀರ್ಮಾನಗಳನ್ನು ಮರುಪರಿಶೀಲಿಸುವ ಸ್ವತಂತ್ರ ಮಂಡಳಿಯಾದ ಓವರ್‌ಸೈಟ್ ಬೋರ್ಡಿಗೆ ಹೋಗಬಹುದು, ಆದರೆ ಅದು ಕೈಗೆತ್ತಿಕೊಳ್ಳುವುದು ಬೆರಳೆಣಿಕೆ. ಮೇಲ್ಮನವಿ ಸಮಿತಿಯನ್ನೂ ಮರೆಯಬೇಡಿ.

ಯಾರಿಗೆ ಯಾವುದು

ಶಿರಸಿ, ಸಿದ್ದಾಪುರ, ಯಲ್ಲಾಪುರದ ಮಹಿಳಾ ಗುಂಪುಗಳು ಹ್ಯಾಶ್ ವ್ಯವಸ್ಥೆ ಮತ್ತು 3(2)(ಬಿ) ದೂರು ಎರಡನ್ನೂ ಚೆನ್ನಾಗಿ ಕಲಿತರೆ ಬರುವ ಪ್ರಕರಣಗಳಲ್ಲಿ ಹೆಚ್ಚಿನವಕ್ಕೆ ಸಾಕು. ಹೊನ್ನಾವರ, ಭಟ್ಕಳ, ಕುಮಟಾದ ಶಾಂತಿ ಸಮಿತಿಗಳಿಗೆ ಅಡ್ಮಿನ್ ಪಟ್ಟಿಯೇ ಮೊದಲು, ಅದರ ಹಿಂದೆಯೇ ಸಂದರ್ಭದ ಟಿಪ್ಪಣಿಯೊಡನೆ ಕುಂದುಕೊರತೆ ದೂರು. ಬಂದರು, ನದಿ ತಿರುವು, ಅರಣ್ಯದ ಹೋರಾಟಗಾರರಿಗೆ ಮೇಲ್ಮನವಿಯ ಅಭ್ಯಾಸ ಮತ್ತು ದೊಡ್ಡ ಸಂಸ್ಥೆಯೊಂದರ ಸಂಪರ್ಕ ಬೇಕು. ಜಿಲ್ಲೆಯ ಹತ್ತು ಸಂಘಗಳು ಸೇರಿ ಒಂದು ಒಕ್ಕೂಟವಾಗಿ, ಒಂದು ವರ್ಷದ ದೂರುಗಳ ದಾಖಲೆ ಕೈಯಲ್ಲಿ ಹಿಡಿದುಕೊಂಡು ಪಾಲುದಾರ ಸ್ಥಾನ ಕೇಳಿದರೆ ಆಗ ಅದಕ್ಕೊಂದು ತೂಕವಿದೆ.

ಆ ದಾಖಲೆಗೆ ದೊಡ್ಡ ಸಾಫ್ಟ್‌ವೇರ್ ಬೇಡ. ಒಂದು ಎಕ್ಸೆಲ್ ಹಾಳೆ: ದಿನಾಂಕ, ಲಿಂಕು, ಭಾಷೆ ಮತ್ತು ಲಿಪಿ, ಯಾವ ದಾರಿ, ದೂರಿನ ಸಂಖ್ಯೆ, ಉತ್ತರ ಬಂದ ಗಂಟೆ, ಫಲಿತಾಂಶ. ಬಾಧಿತರ ಹೆಸರಿನ ಬದಲು ಸಂಕೇತ ಸಂಖ್ಯೆ ಹಾಕಿ, ಹೆಸರಿನ ಪಟ್ಟಿ ಬೇರೆ ಕಡೆ ಬೀಗದಲ್ಲಿರಲಿ. ಹಾಳೆ ತುಂಬುವವರು, ವಿಡಿಯೋ ನೋಡುವವರು ಒಬ್ಬರೇ ಆಗದಂತೆ ಸರದಿ ಮಾಡಿ. ಮಲಗುವ ಮುಂಚೆ ಯಾರಿಗೂ ಈ ಕೆಲಸ ಹಚ್ಚಬೇಡಿ. ಹಿಂಸೆಯ ವಿಡಿಯೋವನ್ನು ಧ್ವನಿ ಮುಚ್ಚಿ, ಪರದೆ ಸಣ್ಣದು ಮಾಡಿ, ಬೇಕಾದಷ್ಟೇ ಸೆಕೆಂಡು ನೋಡಿದರೆ ಟಿಪ್ಪಣಿ ಬರೆಯಲು ಸಾಕಾಗುತ್ತದೆ.